ಶ್ವಾಸಕೋಶದಿಂದ ಸರ್ವಾಂಗಕ್ಕೆ: ೧೯೧೮ರ ಇನ್‌ಫ್ಲುಯೆಂಜ ಮತ್ತು ಮರಣದಾಖಲೆಯ ‘ಜ್ವರ’

ದಾವಣಗೆರೆ ಮತ್ತು ಹರಿಹರಗಳನ್ನು ಸೇರಿಸುವ ದಾರಿಯು ಇಪ್ಪತ್ತನೆಯ ಶತಮಾನದಲ್ಲಿ ಕೈಗಾರಿಕೆಯ ದಾರಿಯೆಂದು ಹೆಸರು ಪಡೆಯಿತು. ದಾವಣಗೆರೆಯ ಹತ್ತಿ ಗಿರಣಿಗಳು, ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ತರುವಾಯ ರೂಪುಗೊಂಡ ಕರೂರು ಕೈಗಾರಿಕಾ ಪ್ರದೇಶ, ಇವೆಲ್ಲವೂ ಬೆಂಗಳೂರು–ಪುಣೆ ಮಾರ್ಗದ ಅನುಕೂಲವನ್ನು ಆಶ್ರಯಿಸಿ ಬೆಳೆದವು. ಸರಕು ಸಾಗುವ ಮಾರ್ಗದಲ್ಲಿಯೇ ವ್ಯಾಧಿಯೂ ಸಾಗುತ್ತದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ. ವ್ಯಾಧಿಯು ಊರಿನಿಂದ ಊರಿಗೆ ಹರಡಿದ ಬಗೆಯನ್ನು ನಾವು ಸಾಕಷ್ಟು ಅಭ್ಯಾಸ ಮಾಡಿದ್ದೇವೆ. ಆದರೆ ಅದು ಒಂದು ದೇಹದ ಒಳಗೆ, ಶ್ವಾಸಕೋಶದಿಂದ ಇತರ ಅವಯವಗಳಿಗೆ ಹೇಗೆ ಹರಡುತ್ತದೆಂಬ ವಿಷಯವನ್ನು ವೈದ್ಯರಿಗೇ ಬಿಟ್ಟುಕೊಟ್ಟಿದ್ದೇವೆ. ಈ ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರವು ನಮ್ಮ ಆಧಾರಗಳನ್ನು, ವಿಶೇಷವಾಗಿ ಮರಣದಾಖಲೆಗಳನ್ನು, ಓದುವ ಕ್ರಮವನ್ನೇ ಬದಲಿಸುತ್ತದೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹರಿಹರದ ಬಾಗಿಲು

೧೯೧೮ರಲ್ಲಿ ಹರಿಹರವು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯ ಆಚೆಯ ದಡದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ೧೮೬೮ರಲ್ಲಿ ಪೂರ್ಣಗೊಂಡ ಸೇತುವೆಯ ಮೇಲೆ ಹೆದ್ದಾರಿಯೂ, ಅನಂತರ ಬಂದ ಮೀಟರ್ ಗೇಜ್ ರೈಲೂ ಈ ಎಡೆಯಲ್ಲಿ ನದಿಯನ್ನು ದಾಟಿದವು. ಪುಣೆ, ಹುಬ್ಬಳ್ಳಿಗಳ ಕಡೆಯಿಂದ ಬರುವ ರೈಲು ಸಂಸ್ಥಾನದ ನೆಲವನ್ನು ಮೊದಲು ಮುಟ್ಟುತ್ತಿದ್ದುದು ಹರಿಹರದಲ್ಲಿ; ಅಲ್ಲಿಂದ ಮುಂದೆ ಹತ್ತಿ ಮತ್ತು ಕಂಬಳಿಗಳ ವ್ಯಾಪಾರಸ್ಥಳವಾದ ದಾವಣಗೆರೆ. ೧೮೯೮ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರನ್ನು ತಲುಪಿದುದು ಇದೇ ದಾರಿಯಿಂದ.

ಪ್ಲೇಗಿನ ಕಾಲದಲ್ಲಿ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಪಾಸಣೆ ಮಾಡುವ ಏರ್ಪಾಡು ಇದ್ದಿತು. ಇನ್‌ಫ್ಲುಯೆಂಜದ ಮುಂದೆ ಅಂತಹ ಏರ್ಪಾಡು ನಿಲ್ಲುವಂತಿರಲಿಲ್ಲ. ಸೋಂಕು ತಗಲಿದ ಒಂದೆರಡು ದಿನಗಳಲ್ಲಿಯೇ, ಕೆಮ್ಮು ಜ್ವರಗಳು ಸ್ಪಷ್ಟವಾಗಿ ತೋರುವ ಮುನ್ನವೇ, ರೋಗಿಯು ಅದನ್ನು ಇತರರಿಗೆ ಹರಡಬಲ್ಲನು. ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ರೋಗದ ಮೊದಲನೆಯ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆಯು ಘೋರವಾಗಿತ್ತು. ವರ್ಷ ಮುಗಿಯುವುದರೊಳಗೆ ಅದು ದಖನ್ನಿನ ಹಳ್ಳಿಹಳ್ಳಿಗಳನ್ನು ಹೊಕ್ಕು ಹೊರಬಿದ್ದಿತು. ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದ ನಿಮಿತ್ತ ಧಾನ್ಯದ ಬೆಲೆ ಏರಿತ್ತು. ಇಡೀ ಹಿಂದೂಸ್ಥಾನದಲ್ಲಿ ಸತ್ತವರ ಸಂಖ್ಯೆ ಸುಮಾರು ೬೦ ಲಕ್ಷವೆಂದು ಸರ್ಕಾರವು ಮೊದಲು ಅಂದಾಜು ಮಾಡಿತು. ಅನಂತರದ ವಿದ್ವಾಂಸರು ಅದನ್ನು ೧ ಕೋಟಿ ೨೦ ಲಕ್ಷದಿಂದ ೨ ಕೋಟಿಯವರೆಗೆ ಏರಿಸಿರುತ್ತಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆ ೧೯೧೧ರಲ್ಲಿ ಸುಮಾರು ೫೮ ಲಕ್ಷವಿದ್ದುದು ೧೯೨೧ರಲ್ಲಿ ೬೦ ಲಕ್ಷವನ್ನೂ ಮುಟ್ಟಲಿಲ್ಲ.

ಅಂದಾಜುಗಳಲ್ಲಿ ಇಷ್ಟೊಂದು ಅಂತರವೇಕೆ? ದಾಖಲೆಯಾಗದೆ ಹೋದ ಮರಣಗಳು ಇದಕ್ಕೆ ಮುಖ್ಯ ಕಾರಣ. ದಾಖಲೆಯಾದ ಮರಣಗಳು ಯಾವ ಹೆಸರಿನಲ್ಲಿ ದಾಖಲೆಯಾದವು ಎಂಬುದು ಎರಡನೆಯ ಕಾರಣ.

೨. ‘ಜ್ವರ’ವೆಂಬ ಕಲಮು

ಹಳ್ಳಿಯಲ್ಲಿ ಮರಣವನ್ನು ಬರೆದುಕೊಳ್ಳುತ್ತಿದ್ದವರು ವೈದ್ಯರಲ್ಲ, ಗ್ರಾಮದ ಅಧಿಕಾರಿಗಳು. ಅಂದಿನ ನಮೂನೆಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಶ್ವಾಸರೋಗ, ಗಾಯ, ಇತರ ಕಾರಣ ಎಂಬಂತಹ ಕೆಲವೇ ಕಲಮುಗಳಿದ್ದವು. ಸಿಡುಬು ಕಣ್ಣಿಗೆ ಕಾಣುವಂಥದು, ಕಾಲರಾ ಯಾರಿಗೂ ತಿಳಿಯುವಂಥದು. ಉಳಿದುದೆಲ್ಲವೂ ಬಹುಮಟ್ಟಿಗೆ ‘ಜ್ವರ’. ೧೯೧೮ರ ಇನ್‌ಫ್ಲುಯೆಂಜದ ಸಾವುಗಳಲ್ಲಿ ಬಹುಭಾಗ ಸೇರಿದುದು ಈ ಕಲಮಿನಲ್ಲಿ. ಶ್ವಾಸರೋಗವೆಂಬ ಕಲಮು ಪಕ್ಕದಲ್ಲಿಯೇ ಇದ್ದರೂ ಶ್ವಾಸಕೋಶದಿಂದ ಆರಂಭವಾದ ಮರಣವು ಅಲ್ಲಿಗೆ ಹೋಗಲಿಲ್ಲ.

ಇದನ್ನು ಪಟೇಲ ಶಾನುಭೋಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಕಂಡುದು ಏನು? ಮೈಯೆಲ್ಲ ಸುಡುವ, ಕೈಕಾಲು ಸೊಂಟಗಳು ಮುರಿದಂತೆ ನೋಯುವ, ಪ್ರಜ್ಞೆ ತಪ್ಪಿ ಬಡಬಡಿಸುವ ಮನುಷ್ಯನನ್ನು. ರೋಗವು ಸರ್ವಾಂಗದ್ದಾಗಿ ಕಂಡಿತು. ಬರೆದವನು ಸರ್ವಾಂಗದ ಹೆಸರನ್ನೇ ಬರೆದನು. ಅಂದಿನ ವೈದ್ಯಶಾಸ್ತ್ರದ ಸ್ಥಿತಿಯೂ ಇದಕ್ಕಿಂತ ಬಹಳ ಮುಂದೆ ಇರಲಿಲ್ಲ. ೧೮೯೨ರಲ್ಲಿ ರಿಚರ್ಡ್ ಫೈಫರ್ ಎಂಬ ಜರ್ಮನ್ ವಿಜ್ಞಾನಿಯು ಕಂಡ ಒಂದು ಬ್ಯಾಕ್ಟೀರಿಯವೇ ಈ ರೋಗಕ್ಕೆ ಕಾರಣವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಮನುಷ್ಯರ ಇನ್‌ಫ್ಲುಯೆಂಜ ವೈರಸ್ಸನ್ನು ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೈಡ್ಲಾ ಅವರು ಪ್ರತ್ಯೇಕಿಸಿದುದು ೧೯೩೩ರಲ್ಲಿ, ಮಹಾಮಾರಿ ಕಳೆದ ಹದಿನೈದು ವರ್ಷಗಳ ಮೇಲೆ.

೩. ದೇಹದೊಳಗಿನ ಮಾರ್ಗಗಳು

ಮೂಗು ಗಂಟಲುಗಳ ಮೂಲಕ ಹೊಕ್ಕ ವೈರಸ್ಸು ಇತರ ಅವಯವಗಳನ್ನು ತಲುಪುವ ಬಗೆಗಳನ್ನು ವಿಜ್ಞಾನಿಗಳು ಕಳೆದ ಎಂಟು ದಶಕಗಳಲ್ಲಿ ಬಿಡಿಸಿ ತೋರಿಸಿರುತ್ತಾರೆ. ಆಸ್ಟ್ರೇಲಿಯದ ಫ್ರಾಂಕ್ ಫೆನ್ನರ್ ಅವರು ೧೯೪೮ರಲ್ಲಿ ಇಲಿಗಳ ಸಿಡುಬನ್ನು ಅಭ್ಯಾಸಮಾಡಿ ಒಂದು ಕ್ರಮವನ್ನು ನಿರೂಪಿಸಿದರು. ವೈರಸ್ಸು ಮೊದಲು ಹೊಕ್ಕ ಎಡೆಯಲ್ಲಿಯೂ ಹತ್ತಿರದ ದುಗ್ಧಗ್ರಂಥಿಗಳಲ್ಲಿಯೂ ಹೆಚ್ಚುತ್ತದೆ. ಅಲ್ಲಿಂದ ಸ್ವಲ್ಪ ಮಟ್ಟಿಗೆ ರಕ್ತವನ್ನು ಸೇರುತ್ತದೆ. ಯಕೃತ್ತು ಮತ್ತು ಗುಲ್ಮಗಳಲ್ಲಿ ಬೆಳೆದು ಎರಡನೆಯ ಬಾರಿ ಹೇರಳವಾಗಿ ರಕ್ತಕ್ಕೆ ಬರುತ್ತದೆ. ಆಮೇಲೆ ಚರ್ಮದಲ್ಲಿ ಬೊಕ್ಕೆಗಳೇಳುತ್ತವೆ. ಉಸಿರಿನ ಮೂಲಕ ತಗಲುವ ದಡಾರದ ವೈರಸ್ಸು ಇನ್ನೊಂದು ಉಪಾಯವನ್ನು ಅನುಸರಿಸುತ್ತದೆ. ಶ್ವಾಸಕೋಶದಲ್ಲಿ ಕಾವಲಿರುವ ರಕ್ಷಣಾ ಕೋಶಗಳನ್ನೇ ಅದು ಹೊಕ್ಕು, ಅವುಗಳನ್ನು ವಾಹನ ಮಾಡಿಕೊಂಡು ದುಗ್ಧಗ್ರಂಥಿಗಳಿಗೂ ಅಲ್ಲಿಂದ ಸರ್ವಾಂಗಕ್ಕೂ ಹೋಗುತ್ತದೆ.

ಇನ್‌ಫ್ಲುಯೆಂಜದ ರೀತಿ ಬೇರೆ. ಈ ವೈರಸ್ಸಿನ ಹೊರಮೈಯಲ್ಲಿ ಹೀಮಗ್ಲುಟಿನಿನ್ ಎಂಬ ಪ್ರೋಟೀನು ಇರುತ್ತದೆ. ಒಂದು ಕಿಣ್ವವು ಅದನ್ನು ಎರಡಾಗಿ ಸೀಳಿದ ಹೊರತು ವೈರಸ್ಸು ಹೊಸ ಕೋಶವನ್ನು ಪ್ರವೇಶಿಸಲಾರದು. ಸಾಮಾನ್ಯ ಇನ್‌ಫ್ಲುಯೆಂಜದ ಪ್ರೋಟೀನನ್ನು ಸೀಳಬಲ್ಲ ಕಿಣ್ವಗಳು ಮುಖ್ಯವಾಗಿ ಉಸಿರಾಟದ ಮಾರ್ಗದಲ್ಲಿ ದೊರೆಯುತ್ತವೆ. ಆದುದರಿಂದ ಆ ವೈರಸ್ಸು ಬಹುತೇಕ ಅಲ್ಲಿಯೇ ಉಳಿಯುತ್ತದೆ. ಕೆಲವು ಉಗ್ರವಾದ ಹಕ್ಕಿಜ್ವರದ ವೈರಸ್ಸುಗಳಲ್ಲಿ ಈ ಸೀಳುವ ಸ್ಥಾನದ ರಚನೆ ಬೇರೆಯಾಗಿದ್ದು, ದೇಹದ ಎಲ್ಲೆಡೆಯೂ ಇರುವ ಫ್ಯೂರಿನ್ ಎಂಬ ಕಿಣ್ವವು ಆ ಕೆಲಸವನ್ನು ಮಾಡಬಲ್ಲದು. ವಿಯೆಟ್ನಾಮಿನಲ್ಲಿ ಹಕ್ಕಿಜ್ವರದಿಂದ ತೀರಿಕೊಂಡ ಒಂದು ಮಗುವಿನ ಮೆದುಳುಬಳ್ಳಿಯ ದ್ರವ, ರಕ್ತ ಮತ್ತು ಮಲಗಳಲ್ಲಿ ವೈರಸ್ಸು ದೊರೆತ ವರದಿ ೨೦೦೫ರಲ್ಲಿ ಪ್ರಕಟವಾಯಿತು.

ಹಾಗಾದರೆ ೧೯೧೮ರ ವೈರಸ್ಸು ಯಾವ ಬಗೆಯದು? ಇದಕ್ಕೆ ಉತ್ತರ ದೊರೆತುದೂ ೨೦೦೫ರಲ್ಲಿಯೇ. ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಅವರ ಸಹೋದ್ಯೋಗಿಗಳು ಅಂದು ಸತ್ತವರ ಶ್ವಾಸಕೋಶದ ತುಣುಕುಗಳಿಂದ ವೈರಸ್ಸಿನ ಸಂಪೂರ್ಣ ಅನುವಂಶಿಕ ರಚನೆಯನ್ನು ಓದಿ ಮುಗಿಸಿದರು. ಟೆರೆನ್ಸ್ ಟಂಪಿ ಮತ್ತು ಸಂಗಡಿಗರು ಅದರ ಆಧಾರದ ಮೇಲೆ ವೈರಸ್ಸನ್ನು ಪುನಃ ರಚಿಸಿ ಇಲಿಗಳ ಮೇಲೆ ಪ್ರಯೋಗಿಸಿದರು. ಇಲಿಗಳು ಕೆಲವೇ ದಿನಗಳಲ್ಲಿ ಸತ್ತವು. ಶ್ವಾಸಕೋಶಗಳಲ್ಲಿ ವೈರಸ್ಸು ವಿಪರೀತವಾಗಿ ಬೆಳೆದಿತ್ತು. ಆದರೆ ಮೆದುಳು, ಹೃದಯ, ಯಕೃತ್ತು, ಗುಲ್ಮಗಳಲ್ಲಿ ಅದು ಕಂಡುಬರಲಿಲ್ಲ. ಮುಂದೆ ೨೦೦೮ರಲ್ಲಿ ಡೇವಿಡ್ ಮೋರೆನ್ಸ್, ಟೌಬೆನ್‌ಬರ್ಗರ್ ಮತ್ತು ಆಂಥೊನಿ ಫೌಚಿ ಅವರು ೧೯೧೮–೧೯ರಲ್ಲಿ ಸತ್ತ ೫೮ ಜನರ ಶ್ವಾಸಕೋಶದ ಅಂಗಾಂಶಗಳನ್ನೂ ಅಂದಿನ ಶವಪರೀಕ್ಷೆಯ ವರದಿಗಳನ್ನೂ ಪರಿಶೀಲಿಸಿದರು. ವೈರಸ್ಸು ಹಾಳುಗೆಡವಿದ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಗಳು ನುಗ್ಗಿ ಉಂಟುಮಾಡಿದ ನ್ಯುಮೋನಿಯವೇ ಬಹುಪಾಲು ಸಾವುಗಳಿಗೆ ಕಾರಣವೆಂದು ಅವರು ನಿರ್ಣಯಿಸಿದರು.

ಹೀಗೆ ೧೯೧೮ರಲ್ಲಿ ವೈರಸ್ಸು ಹೆಚ್ಚಾಗಿ ಶ್ವಾಸಕೋಶದಲ್ಲಿಯೇ ನಿಂತಿತು. ಅದರ ಪರಿಣಾಮ ನಿಲ್ಲಲಿಲ್ಲ. ಸೋಂಕಿಗೆ ಪ್ರತಿಯಾಗಿ ದೇಹವು ಸುರಿಸುವ ಸಂಕೇತದ್ರವ್ಯಗಳು ರಕ್ತದಲ್ಲಿ ಹರಿದು ಜ್ವರವನ್ನೂ ಮೈನೋವನ್ನೂ ಉಂಟುಮಾಡುತ್ತವೆ. ಉಸಿರಿನಿಂದ ದೊರೆಯಬೇಕಾದ ಆಮ್ಲಜನಕವು ಕಡಮೆಯಾದರೆ ಹೃದಯ, ಮೂತ್ರಪಿಂಡ, ಮೆದುಳುಗಳು ಬಳಲುತ್ತವೆ. ನ್ಯುಮೋನಿಯದ ಬ್ಯಾಕ್ಟೀರಿಯಗಳು ರಕ್ತಕ್ಕೆ ಇಳಿಯಬಲ್ಲವು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಯಿಂದ ಇನ್‌ಫ್ಲುಯೆಂಜ ದೃಢಪಟ್ಟ ಮೊದಲನೆಯ ವಾರದಲ್ಲಿ ಹೃದಯಾಘಾತದ ಸಂಭವವು ಸುಮಾರು ಆರು ಪಟ್ಟು ಹೆಚ್ಚಾಗಿ ಕಂಡಿತು. ಕಾರಣವು ಒಂದು ಅವಯವದಲ್ಲಿ, ಮರಣವು ಇನ್ನೊಂದು ಅವಯವದಲ್ಲಿ.

ಕೋವಿಡ್-೧೯ ಇದರ ಮತ್ತೊಂದು ಮುಖವನ್ನು ತೋರಿಸಿತು. ಆ ವೈರಸ್ಸು ಹಿಡಿದುಕೊಳ್ಳುವ ಎಸಿಇ-೨ ಎಂಬ ಗ್ರಾಹಕವು ಶ್ವಾಸಮಾರ್ಗವಲ್ಲದೆ ಕರುಳು, ಮೂತ್ರಪಿಂಡ, ಹೃದಯಗಳ ಕೋಶಗಳಲ್ಲಿಯೂ ಇರುತ್ತದೆ; ಅದರ ಪ್ರೋಟೀನಿನಲ್ಲಿ ಫ್ಯೂರಿನ್ ಸೀಳಬಲ್ಲ ಸ್ಥಾನವೂ ಉಂಟು. ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ೪೪ ಶವಪರೀಕ್ಷೆಗಳ ಫಲವನ್ನು ಪ್ರಕಟಿಸಿದರು. ವೈರಸ್ಸಿನ ಅನುವಂಶಿಕ ದ್ರವ್ಯವು ಮೆದುಳನ್ನೊಳಗೊಂಡು ದೇಹದ ಅನೇಕ ಭಾಗಗಳಲ್ಲಿ ದೊರೆತಿತ್ತು. ಒಂದು ಪ್ರಸಂಗದಲ್ಲಿ ರೋಗ ತೋರಿದ ೨೩೦ ದಿನಗಳ ಮೇಲೂ ಉಳಿದಿತ್ತು. ಆದರೂ ಶ್ವಾಸಮಾರ್ಗದ ಹೊರಗೆ ಉರಿಯೂತವಾಗಲಿ ಕೋಶಗಳ ನೇರ ನಾಶವಾಗಲಿ ಹೆಚ್ಚಾಗಿ ಕಾಣಲಿಲ್ಲ. ೧೯೧೮ರಲ್ಲಿ ವೈರಸ್ಸು ತಲುಪದ ಅವಯವಗಳಿಗೂ ಹಾನಿಯಾಯಿತು. ಇಲ್ಲಿ ವೈರಸ್ಸು ತಲುಪಿದ ಅನೇಕ ಎಡೆಗಳಲ್ಲಿ ಹಾನಿಯ ಗುರುತು ವಿರಳ. ವೈರಸ್ಸಿನ ಸಂಚಾರವೂ ವ್ಯಾಧಿಯ ಸಂಚಾರವೂ ಒಂದೇ ಎಂದು ಭಾವಿಸಲಾಗದು.

೪. ಇತಿಹಾಸಕಾರನ ಲೆಕ್ಕ

ಈ ವಿವೇಚನೆಯಿಂದ ಇತಿಹಾಸಕಾರನಿಗೆ ದೊರೆಯುವ ಮೊದಲನೆಯ ಪಾಠವು ಎಣಿಕೆಯನ್ನು ಕುರಿತುದು. ಮಹಾಮಾರಿಯ ಮೃತರನ್ನು ರೋಗದ ಹೆಸರಿನಿಂದ ಎಣಿಸಿದರೆ ಲೆಕ್ಕವು ತಪ್ಪುತ್ತದೆ. ಇದನ್ನು ಮೊದಲಾಗಿ ಕಂಡವರಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಒಬ್ಬನು. ೧೮೪೭ರ ಲಂಡನ್ನಿನ ಇನ್‌ಫ್ಲುಯೆಂಜದಲ್ಲಿ ಆ ಹೆಸರಿನಲ್ಲಿ ದಾಖಲೆಯಾದವರಿಗಿಂತ ಬಹಳ ಹೆಚ್ಚು ಜನ ಸತ್ತಿದ್ದರೆಂದು ಅವನು ತೋರಿಸಿದನು. ಅಮೆರಿಕದ ಸೆಲ್ವಿನ್ ಕಾಲಿನ್ಸ್ ಅವರು ೧೯೩೨ರಲ್ಲಿ ಇನ್ನೂ ಮುಂದೆ ಹೋಗಿ, ಇನ್‌ಫ್ಲುಯೆಂಜ ಹರಡಿದ ವಾರಗಳಲ್ಲಿ ಹೃದ್ರೋಗ, ಕ್ಷಯ ಮೊದಲಾದ ಬೇರೆ ಕಾರಣಗಳ ಹೆಸರಿನ ಮರಣಗಳೂ ಏರುತ್ತವೆಂದು ಸ್ಥಾಪಿಸಿದರು. ವಾಡಿಕೆಯ ವರ್ಷಗಳಿಗಿಂತ ಒಟ್ಟು ಎಷ್ಟು ಮಂದಿ ಹೆಚ್ಚಾಗಿ ಸತ್ತರು ಎಂಬುದನ್ನು ಎಣಿಸುವ ಈ ವಿಧಾನಕ್ಕೆ ಶರೀರಶಾಸ್ತ್ರದ ಆಧಾರವು ಅನಂತರ ದೊರೆತಂತಾಯಿತು.

ಎರಡನೆಯ ಪಾಠವು ಮೃತರು ಯಾರೆಂಬುದನ್ನು ಕುರಿತುದು. ೧೯೧೮ರಲ್ಲಿ ೨೦ರಿಂದ ೪೦ ವರ್ಷ ವಯಸ್ಸಿನವರು ಅಸಾಮಾನ್ಯ ಸಂಖ್ಯೆಯಲ್ಲಿ ಸತ್ತರು. ನಮ್ಮ ದೇಶದಲ್ಲಿ ಹೆಂಗಸರ ಮರಣವು ಗಂಡಸರದಕ್ಕಿಂತ ಹೆಚ್ಚಾಗಿತ್ತು. ಕ್ಷಾಮದಿಂದ ಸೊರಗಿದವರು, ಗರ್ಭಿಣಿಯರು, ಮನೆಯ ರೋಗಿಗಳ ಶುಶ್ರೂಷೆಯಲ್ಲಿ ತಾವೂ ಮಲಗಿದವರು, ಇಂತಹವರ ಸಾವು ‘ಜ್ವರ’, ‘ಹೆರಿಗೆ’, ‘ಇತರ ಕಾರಣ’ಗಳಲ್ಲಿ ಹಂಚಿಹೋಗಿರುವುದು ಸಂಭವನೀಯ. ಕೇವಲ ಶ್ವಾಸರೋಗದ ಕಲಮನ್ನು ನೋಡುವ ಸಂಶೋಧಕನಿಗೆ ಅವರು ಕಾಣಸಿಗರು.

ಇದು ಹಳೆಯ ಕಡತಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ೨೦೨೧ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವು, ಕೋವಿಡ್ ದೃಢಪಟ್ಟ ೩೦ ದಿನಗಳೊಳಗೆ ಸಂಭವಿಸಿದ ಮರಣವನ್ನು, ಆಸ್ಪತ್ರೆಯ ಹೊರಗೆ ಸತ್ತರೂ, ಕೋವಿಡ್ ಮರಣವೆಂದು ಎಣಿಸತಕ್ಕದ್ದೆಂದು ಸೂಚಿಸಿತು. ಅಪಘಾತ, ವಿಷಪ್ರಾಶನಗಳಂತಹವು ಇದಕ್ಕೆ ಹೊರತು. ಪರಿಹಾರಧನಕ್ಕೆ ಅರ್ಜಿ ಹಾಕಿದ ಕುಟುಂಬಗಳಿಗೆ ಇದು ಜೀವನದ ಪ್ರಶ್ನೆಯಾಗಿತ್ತು: ಹೃದಯ ನಿಂತು ಸತ್ತ ಮನೆಯ ಯಜಮಾನನು ಯಾವ ರೋಗದಿಂದ ಸತ್ತನೆಂಬುದು ಒಂದು ಕಾಗದದ ಬರಹವನ್ನು ಅವಲಂಬಿಸಿತ್ತು. ೨೦೨೦ ಮತ್ತು ೨೦೨೧ರಲ್ಲಿ ಭಾರತದಲ್ಲಿ ಸುಮಾರು ೪೭ ಲಕ್ಷ ಹೆಚ್ಚುವರಿ ಮರಣಗಳು ಸಂಭವಿಸಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಅಧಿಕೃತ ಸಂಖ್ಯೆ ೫ ಲಕ್ಷದೊಳಗಿತ್ತು. ಸಂಸ್ಥೆಯ ಗಣನೆಯ ಕ್ರಮವನ್ನು ಸರ್ಕಾರವು ಆಕ್ಷೇಪಿಸಿತು. ೧೯೧೮ರ ವಾದವು ನೂರು ವರ್ಷಗಳ ಮೇಲೆ ಬೇರೆ ಅಂಕಿಗಳೊಡನೆ ಮರಳಿತು.

ದಾವಣಗೆರೆ, ಹರಿಹರ ತಾಲ್ಲೂಕುಗಳ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಕಾರ್ಯಕ್ಷೇತ್ರವು ತೆರೆದಿದೆ. ಗಿರಣಿ, ಕಾರ್ಖಾನೆ, ಕೈಗಾರಿಕಾ ಪ್ರದೇಶಗಳ ಚರಿತ್ರೆಯನ್ನು ಬಂಡವಾಳ ಮತ್ತು ಉತ್ಪನ್ನಗಳ ಲೆಕ್ಕದಿಂದ ಬರೆಯುವಂತೆಯೇ, ಅದೇ ಮಾರ್ಗದಲ್ಲಿ ಬದುಕಿ ಸತ್ತವರ ದೇಹಗಳ ಲೆಕ್ಕದಿಂದಲೂ ಬರೆಯಬಹುದು. ಹಳೆಯ ಮರಣದಾಖಲೆಗಳು ಕೈಗೆ ಸಿಕ್ಕ ಕಡೆ ೧೯೧೮ರ ಕೊನೆಯ ತಿಂಗಳುಗಳ ಎಲ್ಲ ಕಲಮುಗಳನ್ನೂ ಹಿಂದಿನ ವರ್ಷಗಳ ಅದೇ ತಿಂಗಳುಗಳೊಡನೆ ಹೋಲಿಸಬೇಕು. ವಯಸ್ಸು, ಲಿಂಗ, ಗ್ರಾಮ, ರೈಲುದಾರಿಯಿಂದ ಇರುವ ದೂರ, ಇವುಗಳನ್ನು ಗುರುತಿಸಬೇಕು. ‘ಜ್ವರ’ವೆಂದು ಬರೆದ ಶಾನುಭೋಗನು ಕಾರಣವನ್ನು ತಿಳಿದಿರಲಿಲ್ಲ, ಆದರೆ ಸತ್ತವನ ಹೆಸರನ್ನೂ ಸತ್ತ ದಿನವನ್ನೂ ಬರೆದಿಟ್ಟನು. ಉಳಿದುದನ್ನು ಪೂರೈಸುವ ಹೊಣೆ ಇಂದಿನ ಸಂಶೋಧಕರದು.