ನ್ಯಾಯಮೂರ್ತಿ ಫ್ರಾಂಕ್ ಎಂ. ಜಾನ್ಸನ್ (1918–1999)

ಅಮೆರಿಕದ ಅಲಬಾಮ ರಾಜ್ಯದಲ್ಲಿ ವರ್ಣಭೇದದ ಕಟ್ಟಳೆಗಳನ್ನು ಒಂದೊಂದಾಗಿ ಅಸಿಂಧುಗೊಳಿಸಿದ ಫೆಡರಲ್ ನ್ಯಾಯಾಧೀಶ ಫ್ರಾಂಕ್ ಮಿನಿಸ್ ಜಾನ್ಸನ್, ಅದೇ ನೆಲದ ಬಿಳಿಯ ಕುಟುಂಬವೊಂದರಲ್ಲಿ ಹುಟ್ಟಿದವರು. ಅವರ ಊರಿರುವ ವಿನ್‌ಸ್ಟನ್ ಕೌಂಟಿಯು 1861ರಲ್ಲಿಯೇ ದಕ್ಷಿಣದವರ ಪ್ರತ್ಯೇಕತೆಯನ್ನು ವಿರೋಧಿಸಿದ್ದ ಗುಡ್ಡಗಾಡು ಪ್ರದೇಶ. 1943ರಲ್ಲಿ ಅಲಬಾಮ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಜಾನ್ಸನ್, ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಮಾಂಟ್‌ಗೊಮರಿಯ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ನೇಮಿಸಿದರು.

ಅಲಬಾಮದಲ್ಲಿ ರಾಜ್ಯದ ನ್ಯಾಯಾಧೀಶರು ಮತದಾರರಿಂದ ಚುನಾಯಿತರಾಗುವವರು. ಫೆಡರಲ್ ನ್ಯಾಯಾಧೀಶರನ್ನಾದರೋ ರಾಷ್ಟ್ರಾಧ್ಯಕ್ಷರು ಸೆನೆಟ್ಟಿನ ಸಮ್ಮತಿಯೊಡನೆ ನೇಮಿಸುತ್ತಾರೆ. ಅವರಿಗೆ ಕಡ್ಡಾಯ ನಿವೃತ್ತಿಯಿಲ್ಲ, ಅವರ ವೇತನವನ್ನು ಇಳಿಸುವಂತಿಲ್ಲ. ಈ ರಕ್ಷಣೆಯಿಲ್ಲದಿದ್ದರೆ ಜಾನ್ಸನ್ ಮುಂದಿನ ಚುನಾವಣೆಯವರೆಗೂ ಉಳಿಯುತ್ತಿದ್ದರೆಂದು ಹೇಳುವುದು ಕಷ್ಟ.

1956ರ ಜೂನ್‌ನಲ್ಲಿ, ರೋಸಾ ಪಾರ್ಕ್ಸ್ ಬಂಧನದ ತರುವಾಯ ಬಸ್ ಬಹಿಷ್ಕಾರ ನಡೆಯುತ್ತಿದ್ದಾಗ, ತ್ರಿಸದಸ್ಯ ಪೀಠವು ‘ಬ್ರೌಡರ್ ವಿರುದ್ಧ ಗೇಲ್’ ಮೊಕದ್ದಮೆಯಲ್ಲಿ ಬಸ್ಸುಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು ಇಬ್ಬರ ಬಹುಮತದಿಂದ ತೀರ್ಪಿತ್ತಿತು. ಆ ಇಬ್ಬರಲ್ಲಿ ಜಾನ್ಸನ್ ಒಬ್ಬರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅವರ ಎಲ್ಲ ತೀರ್ಪುಗಳೂ ಕರಿಯರ ಪರವಾಗಿರಲಿಲ್ಲ. ಕರಿಯ ಮತದಾರರನ್ನು ಹೊರಗಿಡಲು ಟಸ್ಕೀಗಿ ಪಟ್ಟಣದ ಗಡಿಯನ್ನೇ ಬದಲಾಯಿಸಿದ ಪ್ರಕರಣವನ್ನು, ಅದು ತಮ್ಮ ಅಧಿಕಾರವ್ಯಾಪ್ತಿಗೆ ಮೀರಿದ್ದೆಂದು ಅವರು ವಜಾ ಮಾಡಿದ್ದರು. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಪಡಿಸಿತು.

1965ರ ಮಾರ್ಚ್ 7ರಂದು ಸೆಲ್ಮಾದಲ್ಲಿ ಪಾದಯಾತ್ರಿಗಳ ಮೇಲೆ ಪೊಲೀಸರು ಲಾಠಿ ಬೀಸಿದರು. ಡಾ. ಮಾರ್ಟಿನ್ ಲೂಥರ್ ಕಿಂಗ್ ಮತ್ತೆ ಹೊರಡಲು ಸಿದ್ಧರಾದಾಗ ಜಾನ್ಸನ್ ಮೊದಲು ತಡೆಯಾಜ್ಞೆ ನೀಡಿದರು. ವಿಚಾರಣೆ ಮುಗಿಸಿ ಮಾರ್ಚ್ 17ರಂದು ಅನುಮತಿಯಿತ್ತರು: ಪ್ರತಿಭಟಿಸುವ ಹಕ್ಕಿನ ವ್ಯಾಪ್ತಿಯು ಅನುಭವಿಸಿದ ಅನ್ಯಾಯದ ಗಾತ್ರಕ್ಕೆ ತಕ್ಕಂತಿರಬೇಕು ಎಂಬುದು ಅವರ ತರ್ಕ. ಹೆದ್ದಾರಿಯ ಕಿರಿದಾದ ಭಾಗದಲ್ಲಿ 300ಕ್ಕಿಂತ ಹೆಚ್ಚು ಮಂದಿ ನಡೆಯಬಾರದೆಂದೂ ಅವರು ನಿಗದಿಪಡಿಸಿದ್ದುದು ಅವರ ಸ್ವಭಾವಕ್ಕೆ ಒಪ್ಪುವ ಮಾತೇ ಸರಿ.

ಎದುರಾಳಿಗಳಲ್ಲಿ ಪ್ರಮುಖರಾದ ಗವರ್ನರ್ ಜಾರ್ಜ್ ವಾಲೇಸ್ ಕಾನೂನು ಕಾಲೇಜಿನಲ್ಲಿ ಅವರ ಸಹಪಾಠಿ. ಜಾನ್ಸನ್‌ರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ವರ್ಷಗಟ್ಟಲೆ ಮನೆಗೆ ಪಹರೆಯಿತ್ತು. 1967ರಲ್ಲಿ ಅವರ ತಾಯಿಯ ಮನೆಯ ಬಳಿ ಬಾಂಬು ಸಿಡಿಯಿತು. ತಾಯಿ ಪಾರಾದರು, ಗುರಿಯಾಗಿದ್ದವರು ಮಗನೇ ಎಂಬುದು ಸಾಮಾನ್ಯ ಅಭಿಪ್ರಾಯ.

ವರ್ಣಭೇದದ ಆಚೆಗೂ ಅವರ ಕೆಲಸ ಚಾಚಿತು. ಸಿಗರೇಟು ತೆರಿಗೆಯ ಹಣ ಕಡಿಮೆಯಾಗಿ ಮಾನಸಿಕ ಆಸ್ಪತ್ರೆಯೊಂದು ನೌಕರರನ್ನು ಕೈಬಿಟ್ಟಾಗ ಹುಟ್ಟಿದ ‘ವಾಯಟ್’ ಮೊಕದ್ದಮೆಯಲ್ಲಿ, ಬಲವಂತವಾಗಿ ಇರಿಸಿಕೊಂಡ ರೋಗಿಗೆ ಚಿಕಿತ್ಸೆ ಪಡೆಯುವ ಹಕ್ಕುಂಟೆಂದು 1971ರಲ್ಲಿ ಸಾರಿದರು. 1976ರಲ್ಲಿ ಅಲಬಾಮದ ಸೆರೆಮನೆಗಳ ಸ್ಥಿತಿಯೇ ಸಂವಿಧಾನವಿರೋಧಿಯೆಂದು ನಿರ್ಣಯಿಸಿದರು.

1977ರಲ್ಲಿ ಅಧ್ಯಕ್ಷ ಕಾರ್ಟರ್ ಎಫ್‌ಬಿಐ ನಿರ್ದೇಶಕ ಸ್ಥಾನಕ್ಕೆ ಅವರನ್ನು ಆರಿಸಿದರಾದರೂ ಅನಾರೋಗ್ಯದಿಂದ ಅದು ಕೈಗೂಡಲಿಲ್ಲ. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ ಪಡೆದರು. 1992ರಲ್ಲಿ ಮಾಂಟ್‌ಗೊಮರಿಯ ಫೆಡರಲ್ ನ್ಯಾಯಾಲಯ ಭವನಕ್ಕೆ ಅವರ ಹೆಸರಿಡಲಾಯಿತು. 1995ರಲ್ಲಿ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. 1999ರ ಜುಲೈ 23ರಂದು ಅದೇ ಊರಿನಲ್ಲಿ ನಿಧನರಾದರು.