ಲೂಸ್ ಕನೆಕ್ಷನ್ನಿನ ಚರಿತ್ರೆ

ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಕನೆಕ್ಟರನ್ನು ನೀವು ನೋಡಿರುತ್ತೀರಿ. ಹೆಬ್ಬೆರಳಿನ ಅಗಲದ ಕಪ್ಪು ಪ್ಲಾಸ್ಟಿಕ್ ತುಂಡು, ಒಳಗೆ ತಗಡಿನಂಥ 15 ಪಿನ್ನು. ಅವುಗಳಲ್ಲಿ 12 ವೋಲ್ಟಿಗೆ ಮೀಸಲಾದದ್ದು ಮೂರೇ. ತಲಾ ಒಂದೂವರೆ ಆಂಪಿಯರ್ ಲೆಕ್ಕದಲ್ಲಿ ಒಟ್ಟು 54 ವಾಟ್. ಹಾರ್ಡ್ ಡಿಸ್ಕಿಗೆ ಇದು ಧಾರಾಳವಾಯಿತು. 2017ರಲ್ಲಿ, ಕಂಪ್ಯೂಟರಿನಿಂದ ಎಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಮೈನಿಂಗಿಗೆ ಜನ ಮುಗಿಬಿದ್ದಾಗ ಒಂದೇ ಮದರ್‌ಬೋರ್ಡಿಗೆ ಆರೆಂಟು ಗ್ರಾಫಿಕ್ಸ್ ಕಾರ್ಡು ಜೋಡಿಸಲು ರೈಸರ್ ಎಂಬ ಪುಟ್ಟ ಹಲಗೆಯ ಬಳಕೆ ಹೆಚ್ಚಿತು. ಅದರ ಜೊತೆ ಬಿಟ್ಟಿಯಾಗಿ ಬರುತ್ತಿದ್ದ ಕೇಬಲ್ಲಿನ ತುದಿಯಲ್ಲಿ ಇದೇ ಸಾಟಾ. ಕಾರ್ಡು ಸ್ಲಾಟಿನಿಂದ 12 ವೋಲ್ಟಿನ ಹಾದಿಯೊಂದರಲ್ಲೇ 66 ವಾಟ್ ಎಳೆಯಬಹುದು. 54ರ ಬಾಗಿಲಲ್ಲಿ 66 ನುಗ್ಗಿದರೆ, ಅದೂ ಹಗಲೂ ರಾತ್ರಿ, ಏನಾಗಬೇಕೋ ಅದೇ ಆಯಿತು. ಮೊದಲು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಆಮೇಲೆ ಕಂದು ತಿರುಗಿದ ಪಿನ್ನು, ಕೆಲವು ಕಡೆ ಬೆಂಕಿ.

ಮೈನಿಂಗ್ ಯಂತ್ರಗಳ ಸುರಕ್ಷತೆಯ ಮಾತು ಬಂದಾಗ ಎಲ್ಲರೂ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿಯನ್ನೇ ದೂರುತ್ತಾರೆ. ನನಗೆ ಕಂಡಂತೆ ಡಬ್ಬಿಗಿಂತ ಹೆಚ್ಚಿನ ತಪ್ಪಿತಸ್ಥ ಜಾಯಿಂಟು. ಯಂತ್ರ ದೊಡ್ಡದಾದಂತೆ ಆ ಜಾಯಿಂಟು ಬೋರ್ಡಿನಿಂದ ಗೋಡೆಯ ಕಡೆಗೆ ಸರಿಯುತ್ತಾ ಹೋಗಿದೆ, ಅಷ್ಟೇ.

2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರುವಾದಾಗ ಮೈನಿಂಗ್ ನಡೆಯುತ್ತಿದ್ದುದು ಮನೆಯ ಕಂಪ್ಯೂಟರಿನ ಪ್ರೊಸೆಸರಿನಲ್ಲೇ, ಹೆದರುವಂಥದ್ದೇನೂ ಇರಲಿಲ್ಲ. 2010ರಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಬಂದವು. ಒಂದು ಎಸ್‌ಎಂಪಿಎಸ್ ಸಾಲದಾಗಿ, ಎರಡನೆಯದರ ಹಸಿರು ವೈರನ್ನು ಕಪ್ಪು ವೈರಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿ ಎಬ್ಬಿಸುವ ವಿದ್ಯೆಯೂ ಅವುಗಳ ಹಿಂದೆಯೇ ಬಂತು. ಎರಡೂ ಒಟ್ಟಿಗೆ ಆನ್ ಆಗಬೇಕು, ಒಟ್ಟಿಗೆ ಆಫ್ ಆಗಬೇಕು ಎಂಬ ಯೋಚನೆ ಕ್ಲಿಪ್ಪಿಗೆಲ್ಲಿಂದ ಬರಬೇಕು?

2013ರಲ್ಲಿ ಮೈನಿಂಗಿಗೆಂದೇ ಮಾಡಿದ ಏಸಿಕ್ ಚಿಪ್ಪುಗಳ ಯಂತ್ರಗಳು ಮಾರುಕಟ್ಟೆಗೆ ಬಂದವು. ಆ ವರ್ಷದ ಕೊನೆಗೆ ಬಂದ ಬಿಟ್‌ಮೈನ್ ಕಂಪನಿಯ ಆಂಟ್‌ಮೈನರ್ ಎಸ್1 ಸುಮಾರು 360 ವಾಟ್ ನುಂಗುತ್ತಿತ್ತು, ಪವರ್ ಸಪ್ಲೈ ಮಾತ್ರ ಅದರ ಜೊತೆ ಬರುತ್ತಿರಲಿಲ್ಲ. ಕೊಂಡವರು ಹಳೆಯ ಸರ್ವರ್‌ಗಳಿಂದ ಬಿಚ್ಚಿದ 1,200 ವಾಟಿನ ಸಪ್ಲೈಗಳಿಗೆ ಮೊರೆಹೋದರು. ಮಾಲು ಗಟ್ಟಿ, ಬೆಲೆ ಅಗ್ಗ. ಅಪಾಯ ಇದ್ದದ್ದು ಬೇರೆ ಕಡೆ. ಅದು 12 ವೋಲ್ಟಿನಲ್ಲಿ 100 ಆಂಪಿಯರ್ ಕೊಡಬಲ್ಲದು. ಯಾವುದೋ ಒಂದು ತೆಳು ವೈರಿನಲ್ಲಿ 40 ಆಂಪಿಯರ್ ಹರಿದು ಅದರ ಹೊದಿಕೆ ಕರಗುತ್ತಿದ್ದರೂ ಸಪ್ಲೈ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇದೆ. ಟ್ರಿಪ್ ಆಗಲು ಅದಕ್ಕೆ ಕಾರಣವೇ ಕಾಣುವುದಿಲ್ಲ.

ಅದೇ ಕಂಪನಿಯ 2016ರ ಎಸ್9 ಈ ಕಥೆಯ ಮುಖ್ಯ ಪಾತ್ರ. ಮೂರು ಬೋರ್ಡು, ಬೋರ್ಡಿಗೆ ಮೂರು ಆರು ಪಿನ್ನಿನ ಕನೆಕ್ಟರು, ಕಂಟ್ರೋಲರಿಗೆ ಒಂದು, ಒಟ್ಟು ಹತ್ತು. ಒಂದು ಬೋರ್ಡು ಹತ್ತಿರ ಹತ್ತಿರ 36 ಆಂಪಿಯರ್ ಎಳೆಯುವುದರಿಂದ ಕನೆಕ್ಟರಿಗೆ 12 ಬಂತು. ಮೂರನೆಯದನ್ನು ಯಾರೋ ಅವಸರದಲ್ಲಿ ಸಿಕ್ಕಿಸದೆ ಬಿಟ್ಟರೂ ಯಂತ್ರ ಓಡುತ್ತದೆ, ದುಡ್ಡೂ ಬರುತ್ತದೆ. ಆದರೆ ಉಳಿದೆರಡರ ಮೇಲೆ ಈಗ ತಲಾ 18 ಆಂಪಿಯರ್. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಾದ್ದರಿಂದ ಪಿನ್ನಿನ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಬಿಸಿಗೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದ ಜಾಯಿಂಟು ಇನ್ನಷ್ಟು ಕಾಯುತ್ತದೆ. ಎಲ್ಲ ಕನೆಕ್ಟರನ್ನೂ ಜೋಡಿಸಿ, ಒಂದು ಬೋರ್ಡಿಗೆ ಎರಡು ಸಪ್ಲೈ ಕೊಡಬೇಡಿ ಎಂದು ಕಂಪನಿಯ ಕೈಪಿಡಿ ಹೇಳಿತ್ತು. ಕೈಪಿಡಿ ಓದುವವರು ಯಾರು!

ಇನ್ನು ಸಪ್ಲೈಗಳ ಮೇಲಿನ 80 ಪ್ಲಸ್ ಗೋಲ್ಡ್ ಸ್ಟಿಕ್ಕರಿನ ಭ್ರಮೆ. ಅದು ಎಷ್ಟು ವಿದ್ಯುತ್ ಪೋಲಾಗುತ್ತದೆಂದು ಹೇಳುತ್ತದೆಯೇ ಹೊರತು ಸುರಕ್ಷತೆಯ ಬಗ್ಗೆ ಚಕಾರ ಎತ್ತುವುದಿಲ್ಲ. 2021ರಲ್ಲಿ, ಮೈನಿಂಗಿನ ಭರಾಟೆಯಲ್ಲಿ ಗ್ರಾಫಿಕ್ಸ್ ಕಾರ್ಡು ಸಿಗದೆ ಅಮೆರಿಕದ ಅಂಗಡಿಗಳು ಕಾರ್ಡಿನ ಜೊತೆ ಬೇರೆ ಮಾಲನ್ನೂ ಕಟ್ಟಿ ಮಾರುತ್ತಿದ್ದಾಗ, ಗಿಗಾಬೈಟ್ ಕಂಪನಿಯ 750 ಮತ್ತು 850 ವಾಟಿನ ಎರಡು ಸಪ್ಲೈ ಮಾದರಿಗಳು ಪರೀಕ್ಷಕರ ಮೇಜಿನ ಮೇಲೆಯೇ ಸಿಡಿದವು. ಎರಡಕ್ಕೂ ಗೋಲ್ಡ್ ಸ್ಟಿಕ್ಕರಿತ್ತು. ಓವರ್‌ಲೋಡ್ ಕಟ್ ಆಗುವ ಮಿತಿಯನ್ನು ಕಂಪನಿ ಆಮೇಲೆ ಕೆಳಗಿಳಿಸಿತು, ಹಳೆಯವನ್ನು ಬದಲಾಯಿಸಿಕೊಡಲು ಒಪ್ಪಿತು.

2020ರ ಎಸ್19ರ ಹೊತ್ತಿಗೆ ಸಪ್ಲೈ ಯಂತ್ರದ ಮೈಗೇ ಅಂಟಿಕೊಂಡಿತು. ಕೇಬಲ್ ಗೊಂಚಲು ಹೋಗಿ ದಪ್ಪ ತಾಮ್ರದ ಪಟ್ಟಿ ಬಂತು, ಸಿಕ್ಕಿಸುವವನ ಅವಸರಕ್ಕೆ ಎಡೆಯಿಲ್ಲದಾಯಿತು. ನಿಜವಾದ ಸುಧಾರಣೆ ಇದೇ. ಆದರೆ ಯಂತ್ರವೊಂದರ ಹಸಿವು 3,250 ವಾಟಿಗೆ ಏರಿತು. ನಮ್ಮ 230 ವೋಲ್ಟಿನಲ್ಲಿ 14 ಆಂಪಿಯರ್ ಚಿಲ್ಲರೆ. ಬಚ್ಚಲುಮನೆಯ ಗೀಸರ್ ಇದಕ್ಕಿಂತ ಕಡಿಮೆ ಎಳೆದು, ನೀರು ಕಾದೊಡನೆ ಸುಮ್ಮನಾಗುತ್ತದೆ. ಇದು ವರ್ಷಗಟ್ಟಲೆ ಸುಮ್ಮನಾಗುವುದಿಲ್ಲ. 16 ಆಂಪಿಯರಿನ ಸಾಕೆಟ್ಟಿಗೆ ಅಂಥ ಕೆಲಸದ ಅಭ್ಯಾಸವಿಲ್ಲ. ಅಮೆರಿಕದ ವೈರಿಂಗ್ ನಿಯಮ ಸತತ ಲೋಡನ್ನು ಸರ್ಕೀಟಿನ ತಾಕತ್ತಿನ ಶೇ. 80ಕ್ಕೆ ನಿಲ್ಲಿಸುವುದು ಇದಕ್ಕೇ.

ಗೋಡೆಯನ್ನೂ ದಾಟಿದ ಮೇಲೆ ಸಿಗುವುದು ಇಡೀ ಗ್ರಿಡ್. ವಿದ್ಯುತ್ ಸಾಲದೆ 2021ರ ಮೇ ತಿಂಗಳಲ್ಲಿ ಇರಾನ್ ಮೈನಿಂಗನ್ನು ನಾಲ್ಕು ತಿಂಗಳು ನಿಷೇಧಿಸಿತು. 2022ರ ಜನವರಿಯಲ್ಲಿ ಕಜಾಕ್‌ಸ್ತಾನ ಮೈನಿಂಗ್ ಕೇಂದ್ರಗಳ ವಿದ್ಯುತ್ ಕತ್ತರಿಸಿತು.

ಎಸ್9 ಇನ್ನೂ ಸತ್ತಿಲ್ಲ. ಮೈನಿಂಗಿನಲ್ಲಿ ಲಾಭ ಕೊಡದ ಅದನ್ನು ಚಳಿದೇಶಗಳಲ್ಲಿ ಕೆಲವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಫ್ಯಾನಿನ ಸದ್ದು ತಗ್ಗಿಸಿ, ಕೋಣೆ ಬೆಚ್ಚಗಿಡುವ ಹೀಟರ್ ಮಾಡಿಕೊಂಡಿದ್ದಾರೆ. ಹತ್ತು ಕನೆಕ್ಟರೂ ಅವೇ, ಪಕ್ಕದಲ್ಲಿ ಈಗ ಸೋಫಾ, ಪರದೆ.