ಸಿಲಿಂಡರ್ ಗೋಡೆಯ ಕಿಂಡಿಗಳ ಕಥೆ

ಹಳೆಯ ಟೂ-ಸ್ಟ್ರೋಕ್ ಮೋಟಾರುಸೈಕಲ್ಲುಗಳನ್ನು ಜತನದಿಂದ ಕಾಪಾಡಿಕೊಂಡು ಬಂದವರನ್ನು ನೀವು ನೋಡಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿ ಓಡುತ್ತಿವೆ. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ಕ್ಕೂ ಅಭಿಮಾನಿಗಳು ಕಡಿಮೆಯಿಲ್ಲ. ಇಂಥ ಬೈಕಿನ ಎಳೆತ ಕುಂದಿದಾಗ ಮೆಕ್ಯಾನಿಕ್ ಎರಡು ದಾರಿ ತೋರಿಸುತ್ತಾನೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಒಂದು. ಸಿಲಿಂಡರನ್ನೇ ಬದಲಿಸಿ ದೊಡ್ಡದನ್ನು ಕೂರಿಸುವುದು ಇನ್ನೊಂದು. ಸಿಲಿಂಡರ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಎಷ್ಟರ ಮಟ್ಟಿಗೆ ನಿಜ? ಈ ಎಂಜಿನ್ನಿನ ಚರಿತ್ರೆಯನ್ನೇ ಕೇಳಿ ನೋಡೋಣ.

ಕೆಲಸಗಾರನ ಉಪಾಯ

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ನಾಲ್ಕು ಹೊಡೆತಗಳಿಗೆ ಒಮ್ಮೆ ಇಂಧನ ಉರಿಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಎರಡು ಹೊಡೆತಗಳಿಗೆ ಒಮ್ಮೆ. ಹಾಗಾಗಿ ಅಷ್ಟೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯುವ ಆಸೆ ಎಂಜಿನಿಯರುಗಳಲ್ಲಿ ಮೊದಲಿನಿಂದಲೂ ಇತ್ತು. ಸ್ಕಾಟ್ಲೆಂಡಿನ ಡ್ಯೂಗಾಲ್ಡ್ ಕ್ಲರ್ಕ್ 1881ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿಗೆ ಮಿಶ್ರಣವನ್ನು ತಳ್ಳಲು ಪ್ರತ್ಯೇಕ ಸಿಲಿಂಡರ್ ಬೇಕಾಗಿತ್ತು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ, ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸಿದ. ಅವನ ಬಳಿ ಕೆಲಸ ಮಾಡುತ್ತಿದ್ದ ಫ್ರೆಡೆರಿಕ್ ಕಾಕ್ ಎಂಬಾತ 1892ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮಿಶ್ರಣ ಒಳಬರುವ ದ್ವಾರಕ್ಕೆ ಕವಾಟವೇ ಬೇಡ. ಸಿಲಿಂಡರ್ ಗೋಡೆಯಲ್ಲಿ ಒಂದು ಕಿಂಡಿ ಕೊರೆದರೆ, ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಅದನ್ನು ಮುಚ್ಚಿ ತೆರೆಯುತ್ತದೆ!

ಇದರಿಂದ ಟೂ-ಸ್ಟ್ರೋಕ್ ಎಂಜಿನ್ ಅತ್ಯಂತ ಸರಳವಾಯಿತು. ಗೋಡೆಯಲ್ಲಿ ಮೂರು ಬಗೆಯ ಕಿಂಡಿಗಳು: ಮಿಶ್ರಣ ಕ್ರ್ಯಾಂಕ್‌ಕೇಸಿಗೆ ಬರಲು ಒಂದು, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಹೋಗಲು ವರ್ಗಾವಣೆ ಕಿಂಡಿ, ಉರಿದ ಅನಿಲ ಹೊರಹೋಗಲು ನಿಷ್ಕಾಸ ಕಿಂಡಿ. ಆದರೆ ತೊಡಕು ಇಲ್ಲೇ ಇದೆ. ಹೊಸ ಮಿಶ್ರಣ ಒಳನುಗ್ಗುವಾಗ ನಿಷ್ಕಾಸ ಕಿಂಡಿಯೂ ತೆರೆದೇ ಇರುತ್ತದೆ. ಹಳೆಯ ಹೊಗೆಯನ್ನು ಗುಡಿಸಿ ಹಾಕಬೇಕಾದ ಮಿಶ್ರಣ ತಾನೂ ಅದರ ಜೊತೆ ಹೊರಟುಹೋದರೆ? ಮುಂದಿನ ನೂರು ವರ್ಷಗಳ ಸುಧಾರಣೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು.

ದಿಕ್ಕು ಬದಲಿಸಿದ ಗಾಳಿ

ಮೊದಲ ಪರಿಹಾರ ಪಿಸ್ಟನ್ನಿನ ತಲೆಯ ಮೇಲೆ ಒಂದು ದಿಣ್ಣೆ. ಒಳಬಂದ ಮಿಶ್ರಣ ಆ ದಿಣ್ಣೆಗೆ ತಾಗಿ ಮೇಲಕ್ಕೆ ತಿರುಗುತ್ತಿತ್ತು. ಆದರೆ ದಿಣ್ಣೆಯಿಂದ ಪಿಸ್ಟನ್ ಭಾರವಾಯಿತು, ಬಿಸಿಯೂ ಹೆಚ್ಚಾಯಿತು. 1920ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ಆಡಾಲ್ಫ್ ಷ್ನೂರ್ಲೆ ದಿಣ್ಣೆಯನ್ನೇ ತೆಗೆದುಹಾಕಿದ. ನಿಷ್ಕಾಸ ಕಿಂಡಿಯ ಎರಡೂ ಪಕ್ಕಗಳಲ್ಲಿ ವರ್ಗಾವಣೆ ಕಿಂಡಿಗಳನ್ನಿಟ್ಟು, ಅವುಗಳ ಮುಖವನ್ನು ಎದುರು ಗೋಡೆಯ ಕಡೆ ಓರೆಯಾಗಿ ತಿರುಗಿಸಿದ. ಎರಡು ಧಾರೆಗಳೂ ಎದುರು ಗೋಡೆಯ ಬಳಿ ಸೇರಿ, ಮೇಲೇರಿ, ಸುತ್ತಿಬಂದು ಹೊಗೆಯನ್ನು ತಳ್ಳುತ್ತವೆ. ಷೋಪಾವ್ ಪಟ್ಟಣದ ಡಿಕೆಡಬ್ಲ್ಯೂ ಕಂಪನಿ ಈ ವಿಧಾನವನ್ನು ಮೋಟಾರುಸೈಕಲ್ಲಿಗೆ ತಂದಿತು.

ಪ್ರಾಗ್ ನಗರದಲ್ಲಿ ಯಾನೆಚೆಕ್ 1929ರಲ್ಲಿ ಆರಂಭಿಸಿದ ಜಾವಾ ಕಂಪನಿ ಎರಡನೆಯ ಮಹಾಯುದ್ಧದ ನಂತರ ತಯಾರಿಸಿದ 250ರಲ್ಲಿಯೂ ಇದೇ ತತ್ವವಿತ್ತು. ಎರಡು ಸೈಲೆನ್ಸರುಗಳನ್ನು ಕಂಡು ಹಳೆಯ ಜಾವಾಕ್ಕೆ ಎರಡು ಸಿಲಿಂಡರ್ ಎಂದು ತಿಳಿಯಬೇಡಿ. ಇರುವುದು ಒಂದೇ ಸಿಲಿಂಡರ್, ಅದರಲ್ಲಿ ಎರಡು ನಿಷ್ಕಾಸ ಕಿಂಡಿಗಳು. ಒಳವ್ಯಾಸ 65 ಮಿಲಿಮೀಟರ್, ಹೊಡೆತದ ಉದ್ದ 75 ಮಿಲಿಮೀಟರ್. ಗುಣಿಸಿ ನೋಡಿದರೆ ಸುಮಾರು 249 ಸಿಸಿ. ಶಕ್ತಿ ಸುಮಾರು 12 ಅಶ್ವಶಕ್ತಿ.

ಅರ್ಧ ಗಾತ್ರ, ಎರಡು ಪಟ್ಟು ಶಕ್ತಿ

ಯುದ್ಧಾನಂತರ ಷೋಪಾವ್ ಪೂರ್ವ ಜರ್ಮನಿಗೆ ಸೇರಿತು; ಅಲ್ಲಿನ ಕಾರ್ಖಾನೆ ಎಂಝಡ್ ಎಂದು ಹೆಸರಾಯಿತು. ಅದರ ರೇಸಿಂಗ್ ವಿಭಾಗದ ಎಂಜಿನಿಯರ್ ವಾಲ್ಟರ್ ಕಾಡೆನ್ ಗಮನಿಸಿದ್ದು ಹೊಗೆಕೊಳವೆಯನ್ನು. ನಿಷ್ಕಾಸ ಕಿಂಡಿ ತೆರೆದೊಡನೆ ಕೊಳವೆಯಲ್ಲಿ ಒತ್ತಡದ ಅಲೆ ಹೊರಡುತ್ತದೆ. ಕೊಳವೆ ಅಗಲವಾಗುವಲ್ಲಿ ಅದು ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗಿ ಹೊಗೆಯನ್ನು ಹೊರಕ್ಕೆ ಸೆಳೆಯುತ್ತದೆ. ಕೊಳವೆ ಮತ್ತೆ ಕಿರಿದಾಗುವಲ್ಲಿ ಹೆಚ್ಚು ಒತ್ತಡದ ಅಲೆಯಾಗಿ ಮರಳಿ, ಹೊರಗೆ ಜಾರಿದ ತಾಜಾ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತಳ್ಳುತ್ತದೆ. ಕವಾಟವಿಲ್ಲದ ಕಿಂಡಿಗೆ ಶಬ್ದದ ಅಲೆಯೇ ಕದವಾಯಿತು.

ಕಾಡೆನ್ ಇದರ ಜೊತೆಗೆ ಇನ್ನೊಂದು ವರ್ಗಾವಣೆ ಕಿಂಡಿಯನ್ನೂ, ತಿರುಗುವ ತಟ್ಟೆಯ ಕವಾಟವನ್ನೂ ಬಳಸಿದ. 1961ರ ವೇಳೆಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಜಾವಾದ ಅಂಕಿಗಳೊಂದಿಗೆ ಹೋಲಿಸಿ: ಗಾತ್ರ ಅರ್ಧ, ಶಕ್ತಿ ಎರಡು ಪಟ್ಟು! ಒಂದು ನಿತ್ಯದ ಓಡಾಟಕ್ಕೆ, ಇನ್ನೊಂದು ಪಂದ್ಯಕ್ಕೆ ಎಂಬುದನ್ನು ಒಪ್ಪಿದರೂ ಈ ಅಂತರ ಸಿಲಿಂಡರಿನ ಗಾತ್ರದಿಂದ ಬಂದದ್ದಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಪಂದ್ಯದ ವೇಳೆ ಎಂಝಡ್ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿ ಕಂಪನಿ ಸೇರಿದ. ಕಾಡೆನ್‌ನ ವಿದ್ಯೆಯೂ ಅವನೊಂದಿಗೆ ಹೋಯಿತು. 1962ರಲ್ಲಿ ಸುಜುಕಿಯ ಮೇಲೆ ಅವನು 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದ. ತಮ್ಮ ದೇಶದಲ್ಲಿ ಹುಟ್ಟಿದ ವಿದ್ಯೆ ಬೇರೆಯವರಿಗೆ ಕೀರ್ತಿ ತಂದುದನ್ನು ಕಾಡೆನ್ ನೋಡಬೇಕಾಯಿತು.

ಮೆಕ್ಯಾನಿಕ್ ಅಂಗಡಿಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆರ್‌ಎಕ್ಸ್ 100ರ ಒಳವ್ಯಾಸವೂ ಹೊಡೆತವೂ ತಲಾ 50 ಮಿಲಿಮೀಟರ್. ಅಂದರೆ 98 ಸಿಸಿ. ರೀಡ್ ಕವಾಟವಿದ್ದ ಈ ಎಂಜಿನ್ನಿನ ಶಕ್ತಿ ನಿಮಿಷಕ್ಕೆ 7500 ಸುತ್ತುಗಳಲ್ಲಿ 11 ಅಶ್ವಶಕ್ತಿ. ಅದಕ್ಕೆ ಆರ್‌ಎಕ್ಸ್ 135ರ 58 ಮಿಲಿಮೀಟರ್ ಸಿಲಿಂಡರ್ ಹೊಂದಿಸಿದರೆ ಹೊಡೆತ ಅಷ್ಟೇ ಉಳಿದು ಗಾತ್ರ 132 ಸಿಸಿ ಆಗುತ್ತದೆ. ಹೆಚ್ಚಳ ಶೇಕಡ 35.

ಆದರೆ ಪಿಸ್ಟನ್ನಿನ ವಿಸ್ತೀರ್ಣವೂ ಶೇಕಡ 35ರಷ್ಟು ಹೆಚ್ಚಿತಲ್ಲವೆ? ಅದೇ ಒತ್ತಡದಲ್ಲಿ ಕ್ರ್ಯಾಂಕ್ ಹಾಗೂ ಬೇರಿಂಗುಗಳ ಮೇಲೆ ಬೀಳುವ ಬಲವೂ ಅಷ್ಟೇ ಹೆಚ್ಚುತ್ತದೆ. ಅವು ಮಾತ್ರ ಹಳೆಯವೇ.

ಇನ್ನು ಕಾಲದ ಲೆಕ್ಕ. 7500 ಸುತ್ತುಗಳೆಂದರೆ ಸೆಕೆಂಡಿಗೆ 125. ಒಂದು ಸುತ್ತಿಗೆ 8 ಮಿಲಿಸೆಕೆಂಡ್. ವರ್ಗಾವಣೆ ಕಿಂಡಿಗಳು ಸುಮಾರು 120 ಡಿಗ್ರಿಯಷ್ಟು ಕಾಲ ತೆರೆದಿದ್ದರೆ ಮಿಶ್ರಣಕ್ಕೆ ಸಿಗುವ ಅವಧಿ 2.7 ಮಿಲಿಸೆಕೆಂಡ್ ಮಾತ್ರ. ಕಿಂಡಿಗಳು ಹಿಗ್ಗದೆ ಸಿಲಿಂಡರ್ ಮಾತ್ರ ಹಿಗ್ಗಿದರೆ ಅದು ಪೂರ್ತಿ ತುಂಬುವುದಿಲ್ಲ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳಿ. ನಿಷ್ಕಾಸ ಕಿಂಡಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ತೆರೆದಿದ್ದರೆ ಅಲೆ ಅಷ್ಟರಲ್ಲಿ 2 ಮೀಟರ್ ಹೋಗಿಬರಬಲ್ಲದು. ಕೊಳವೆಯ ಕಿರಿದಾಗುವ ತುದಿ ಒಂದು ಮೀಟರ್ ಆಸುಪಾಸಿನಲ್ಲಿರಬೇಕು. ಕಿಂಡಿಯ ಎತ್ತರ ಬದಲಾದರೆ ಕೊಳವೆಯ ಲೆಕ್ಕವೂ ಬದಲಾಗಬೇಕು.

ಬಿಸಿಯ ಮಾತನ್ನೂ ಮರೆಯಬಾರದು. ಹಳೆಯ ಸಿಲಿಂಡರುಗಳ ಒಳಮೈ ಎರಕದ ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ಸಂದು ಸಾಲದಿದ್ದರೆ, ಇಲ್ಲವೆ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಕಡಿಮೆಯಾದರೆ, ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ವೇಗದಲ್ಲಿರುವ ಸವಾರನ ಪ್ರಾಣಕ್ಕೇ ಇದು ಸಂಚಕಾರ. ಕಾನೂನಿನ ಮಾತೂ ಇದೆ: ನೋಂದಣಿ ಪತ್ರದ ವಿವರ ಬದಲಾಗುವಂಥ ಮಾರ್ಪಾಡುಗಳನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಸೆಕ್ಷನ್ ನಿರ್ಬಂಧಿಸುತ್ತದೆ.

ಉಳಿದ ಪ್ರಶ್ನೆ

ಇಷ್ಟೆಲ್ಲ ಸುಧಾರಿಸಿದರೂ ಫ್ರೆಡೆರಿಕ್ ಕಾಕ್‌ನ ಕಾಲದ ತೊಡಕು ಪೂರ್ತಿ ಬಗೆಹರಿಯಲಿಲ್ಲ. ಕಾಡೆನ್‌ನ ಅಲೆ ತಕ್ಕ ವೇಗದಲ್ಲಿ ಮಾತ್ರ ಹೊತ್ತಿಗೆ ಸರಿಯಾಗಿ ಮರಳುತ್ತದೆ. ಪೇಟೆಯ ದಟ್ಟಣೆಯಲ್ಲಿ ತೆವಳುವಾಗ ಹಾಗಾಗದು. ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್‌ನಲ್ಲಿ ಕೆಲವು ಸ್ಥಿತಿಗಳಲ್ಲಿ ಕಾಲು ಭಾಗದಷ್ಟು ಇಂಧನ ಉರಿಯದೆಯೇ ಹೊರಹೋಗುವುದುಂಟು. ಜೊತೆಗೆ ಎಣ್ಣೆಯ ನೀಲಿ ಹೊಗೆ. 2000ದಿಂದ ಬಿಗಿಯಾದ ಹೊಗೆ ನಿಯಮಗಳ ಮುಂದೆ ಟೂ-ಸ್ಟ್ರೋಕ್ ಮೋಟಾರುಸೈಕಲ್ಲುಗಳ ತಯಾರಿಕೆ ನಿಲ್ಲುತ್ತ ಬಂತು. ಅದನ್ನು ಹಗುರವೂ ಅಗ್ಗವೂ ಆಗಿಸಿದ ಕವಾಟವಿಲ್ಲದ ಕಿಂಡಿಯೇ ಅದರ ಅವಸಾನಕ್ಕೂ ಕಾರಣವಾಯಿತು.

ಆದ್ದರಿಂದ ಹಳೆಯ ಬೈಕಿಗೆ ಮೊದಲು ಬೇಕಾದುದು ದೊಡ್ಡ ಸಿಲಿಂಡರ್ ಅಲ್ಲ, ಸರಿಯಾದ ಸಿಲಿಂಡರ್: ಅಳತೆಗೆ ತಕ್ಕಂತೆ ಬೋರ್ ಮಾಡಿದ್ದು, ಕಿಂಡಿಗಳ ಅಂಚು ಸ್ವಚ್ಛವಾಗಿರುವಂಥದು, ಮಸಿ ತೆಗೆದ ಹೊಗೆಕೊಳವೆ ಜೊತೆಗಿರುವಂಥದು. ಮೆಕ್ಯಾನಿಕ್ ಅಂಗಡಿಯಲ್ಲಿ ಬಿಚ್ಚಿಟ್ಟ ಹಳೆಯ ಸಿಲಿಂಡರ್ ಸಿಕ್ಕರೆ ತರಗತಿಗೆ ತನ್ನಿ. ವಿದ್ಯಾರ್ಥಿಗಳು ಒಳವ್ಯಾಸ ಅಳೆಯಲಿ, ಕಿಂಡಿಗಳಿಗೆ ಬೆರಳಿಟ್ಟು ಗಾಳಿಯ ದಾರಿಯನ್ನು ಊಹಿಸಲಿ. ಇಷ್ಟು ವರ್ಷಗಳ ಜಾಣ್ಮೆ ಅವರ ಬೆರಳಿಗೇ ತಾಗುತ್ತದೆ.